ಕರಟದೊಳಗೆ ಮೊಟ್ಟೆ ಇಟ್ಟ ಮೀನು

ಒಂದು ಬೆಳಿಗ್ಗೆ ನೋಡಿದರೆ ನನ್ನ ಅಕ್ವೇರಿಯಂನ ಹೆಣ್ಣು ಮೀನು ಅರಿಶಿನ ಬಳಿದುಕೊಂಡ ಹಾಗೆ ಹಳದಿಯಾಗಿತ್ತು. ಮೈಮೇಲೆ ಕಪ್ಪು ಮಚ್ಚೆ ಬೇರೆ. ಏನೋ ರೋಗ ಬಂತು ಅಂದುಕೊಂಡು ಔಷಧಿ ಹಾಕಲು ಹೊರಟಿದ್ದೆ. ಸದ್ಯ, ಹಾಕಲಿಲ್ಲ. ಟಾರ್ಚ್ ಬಿಟ್ಟು ಟ್ಯಾಂಕಿನೊಳಗಿನ ತೆಂಗಿನ ಕರಟದೊಳಗೆ ಇಣುಕಿದರೆ ಮೇಲ್ಗಡೆ ಅಂಟಿಸಿದ ಹಾಗೆ ಕೆಂಪಗಿನ ಮೊಟ್ಟೆಗಳು! ಆ ಹಳದಿ ರೋಗವಲ್ಲ, ಮೊಟ್ಟೆ ಕಾಯುವ ತಾಯಿಯ ಬಣ್ಣ.

ಇದು ಅಪಿಸ್ಟೋಗ್ರಾಮ ಕಾಕಟುವಾಯ್ಡಿಸ್. ಪೆರು, ಬ್ರೆಜಿಲ್ ಕಡೆಯ ಅಮೆಜಾನ್ ಉಪನದಿಗಳಲ್ಲಿ, ತರಗೆಲೆ ತುಂಬಿದ ಆಳವಿಲ್ಲದ ನೀರಿನಲ್ಲಿ ಇರುವ ಮೀನು. ಗಂಡಿನ ಬೆನ್ನಿನ ಈಜುರೆಕ್ಕೆಯ ಮುಂಭಾಗ ಕಾಕಟೂ ಗಿಳಿಯ ಜುಟ್ಟಿನಂತೆ ಎದ್ದು ನಿಲ್ಲುತ್ತದೆ, ಹೆಸರು ಬಂದದ್ದು ಅದರಿಂದಲೇ. ಗಂಡು ಸುಮಾರು 8 ಸೆಂ.ಮೀ., ಹೆಣ್ಣು 5 ಸೆಂ.ಮೀ.

ನನ್ನದು 2 ಅಡಿ ಟ್ಯಾಂಕ್. ತಳಕ್ಕೆ ನುಣ್ಣನೆ ಮರಳು, ಮೇಲೆ ಒಣಗಿದ ಬಾದಾಮಿ ಎಲೆ. ನೀರು ಚಹಾದ ಬಣ್ಣಕ್ಕೆ ತಿರುಗಿತು, ಮೀನಿಗೆ ಅದೇ ಹಿತ. ಮೊಟ್ಟೆ ಇಡಲು ಅಂಗಡಿಯ ಗುಹೆಗೆ ದುಡ್ಡು ಯಾಕೆ ಅಂತ ಅಡುಗೆಮನೆಯ ಕರಟವನ್ನೇ ಚೆನ್ನಾಗಿ ಕುದಿಸಿ, ಅಂಚಿನಲ್ಲಿ ಸಣ್ಣ ಕಂಡಿ ಮಾಡಿ ಬೋರಲು ಹಾಕಿದ್ದೆ.

ಮೊದಲ ಮೊಟ್ಟೆಗಳು ಮೂರನೇ ದಿನ ಮಾಯ. ತಾಯಿಯೇ ತಿಂದಿರಬೇಕು. ದಿನಕ್ಕೆ ನಾಲ್ಕು ಸಲ ಟಾರ್ಚ್ ಬಿಟ್ಟವನು ನಾನೇ, ಇನ್ನೇನಾಗುತ್ತದೆ! ಎರಡನೇ ಸಲ ಸುಮ್ನೆ ದೂರ ಕೂತೆ. ಆಗ ಪೆಟ್ಟು ತಿಂದದ್ದು ಗಂಡು. ತನಗಿಂತ ಅಷ್ಟು ದೊಡ್ಡವನನ್ನು ಅವಳು ಮೂಲೆಗೆ ಅಟ್ಟಿ ಬಾಲ ಹರಿದಿದ್ದಳು. ಚಿಕ್ಕ ಟ್ಯಾಂಕಿನಲ್ಲಿ ಅವನಿಗೆ ಓಡಲು ಜಾಗ ಎಲ್ಲಿ? ಬೇರೆ ಟ್ಯಾಂಕಿಗೆ ಹಾಕಿದೆ.

ಮೂರು ದಿನಕ್ಕೆ ಮೊಟ್ಟೆ ಒಡೆಯಿತು. ಸುಮಾರು ಒಂದು ವಾರ ಕಳೆದು ಮರಿಗಳು ಈಜುತ್ತಾ ತಾಯಿಯ ಹಿಂದೆ ಹೊರಬಂದವು. ನಾನು ಹತ್ತಿರ ಹೋದರೆ ಸಾಕು, ಅವಳು ಈಜುರೆಕ್ಕೆ ಒಮ್ಮೆ ಒದರುತ್ತಾಳೆ, ಅಷ್ಟೂ ಮರಿಗಳು ಮರಳಿಗಿಳಿದು ಅಲುಗಾಡದೆ ಬಿದ್ದಿರುತ್ತವೆ. ಇದನ್ನು ನೋಡುತ್ತಾ ಎಷ್ಟು ಸಂಜೆ ಕಳೆದೆನೋ. ಊಟಕ್ಕೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳು, ದಿನಕ್ಕೆ ಎರಡು ಸಲ. ಉಪ್ಪುನೀರಿನ ಬಾಟಲಿಯಲ್ಲಿ ಗಾಳಿ ಬಿಟ್ಟು ನಾನೇ ಮಾಡಿಕೊಂಡೆ.

ಆದರೆ ದೊಡ್ಡವಾದ ಮೇಲೆ ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಗಂಡು. ಚಳಿ ಅಂತ ಹೀಟರನ್ನು 30 ಡಿಗ್ರಿಗೆ ಇಟ್ಟಿದ್ದೆ. ಈ ಜಾತಿಯಲ್ಲಿ ಮೊದಲ ಕೆಲವು ವಾರ ನೀರು ಬಿಸಿ ಇದ್ದರೆ ಗಂಡು ಜಾಸ್ತಿ, ತಂಪಿದ್ದರೆ ಹೆಣ್ಣು ಜಾಸ್ತಿ. ಅಂಗಡಿಯವರು ಖುಷಿಯಿಂದಲೇ ತೆಗೆದುಕೊಂಡರು, ಬಣ್ಣ ಗಂಡಿಗೇ ಅಲ್ವಾ. ನನಗೆ ಬೇಕಿದ್ದದ್ದು ಹೆಣ್ಣು. ಈಗ ಹೀಟರ್ 26ರಲ್ಲಿದೆ.