ಮ್ಯಾಸ್ಟೊಡಾನ್, ಪಿಯರ್‌ಟ್ಯೂಬ್‌ಗಳಲ್ಲಿ ನಾನು ಕನ್ನಡದ ನೋಡುಗರನ್ನು ಕಂಡುಕೊಂಡ ಬಗೆ

ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳನ್ನೂ (ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳು) ಉಪ್ಪಾಗೆ, ಮುರುಗಲಿನಂತಹ ಮರಗಳನ್ನೂ ಪರಿಚಯಿಸುವ ಕಿರು ವೀಡಿಯೊಗಳನ್ನು ನಾನು ಪಿಯರ್‌ಟ್ಯೂಬ್ ಎಂಬ ವೀಡಿಯೊ ಜಾಲದಲ್ಲಿ ಹಾಕುತ್ತೇನೆ. ಅವುಗಳ ಕುರಿತ ಮಾತುಕತೆ, ಟ್ವಿಟರ್‌ನಂತೆ ಕಿರುಬರಹಗಳನ್ನು ಹಂಚಿಕೊಳ್ಳುವ ಮ್ಯಾಸ್ಟೊಡಾನ್ ಜಾಲದಲ್ಲಿ ನಡೆಯುತ್ತದೆ. ಎರಡೂ ಯಾವುದೇ ಒಂದು ಕಂಪನಿಯ ಸೊತ್ತಲ್ಲ. ಬೇರೆ ಬೇರೆ ಜನ ನಡೆಸುವ ಸರ್ವರ್‌ಗಳು, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರಲ್ಲಿ ಮಾನ್ಯಮಾಡಿದ ಆಕ್ಟಿವಿಟಿಪಬ್ ಎಂಬ ಸಂವಹನ ನಿಯಮಾವಳಿಯ ಮೂಲಕ ಪರಸ್ಪರ ಮಾತನಾಡುತ್ತವೆ.

2019ರ ನವೆಂಬರ್‌ನಲ್ಲಿ ವಕೀಲ ಸಂಜಯ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಅಮಾನತುಗೊಳಿಸಿದ್ದನ್ನು ವಿರೋಧಿಸಿ ಭಾರತದ ಅನೇಕರು ಮ್ಯಾಸ್ಟೊಡಾನ್‌ಗೆ ಬಂದಾಗ ನಾನೂ ಬಂದೆ. ನನಗೆ ಪರಿಚಯವಿದ್ದವರಲ್ಲಿ ಹೆಚ್ಚಿನವರು ಬೇಗನೆ ಟ್ವಿಟರ್‌ಗೆ ಮರಳಿದರು. ಬರೆದದ್ದನ್ನು ತಾನಾಗಿಯೇ ಜನರ ಮುಂದೆ ತಂದಿಡುವ ವ್ಯವಸ್ಥೆ ಇಲ್ಲಿ ಇಲ್ಲದಿದ್ದುದೇ ಅದಕ್ಕೆ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಸಾಮಾನ್ಯವಾಗಿ, ಒಂದು ಸರ್ವರ್‌ನಲ್ಲಿರುವ ಯಾರಾದರೊಬ್ಬರು ನಿಮ್ಮನ್ನು ಹಿಂಬಾಲಿಸಿದರೆ, ಇಲ್ಲವೇ ನಿಮ್ಮ ಬರಹವನ್ನು ಮರುಹಂಚಿದರೆ ಮಾತ್ರ ಆ ಬರಹ ಅಲ್ಲಿಗೆ ತಲುಪುತ್ತದೆ. ಇದು ಅರ್ಥವಾದ ಮೇಲೆ, ಒಟ್ಟು ಹಿಂಬಾಲಕರ ಸಂಖ್ಯೆಗಿಂತ ಅವರು ಎಷ್ಟು ಸರ್ವರ್‌ಗಳಲ್ಲಿ ಹರಡಿಕೊಂಡಿದ್ದಾರೆ ಎಂಬುದಕ್ಕೆ ನಾನು ಗಮನಕೊಟ್ಟೆ. ಸಸ್ಯ, ಹಕ್ಕಿ, ಶಿಲೀಂಧ್ರಗಳ ಬಗ್ಗೆ ಬರೆಯುವವರನ್ನು ಹ್ಯಾಶ್‌ಟ್ಯಾಗ್‌ಗಳ ಮೂಲಕ ಹುಡುಕಿ, ಅವರ ಬರಹಗಳನ್ನು ಓದಿ, ಹೇಳುವುದಿದ್ದಾಗ ಉತ್ತರಿಸಿದೆ. ನನ್ನದನ್ನು ಹಾಕುವುದಕ್ಕಿಂತ ಹೆಚ್ಚು ಹೊತ್ತು ಈ ಉತ್ತರಗಳಿಗೇ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಜಡ್ಡಿಯ ಕೆಸರಿನಿಂದ ಮಂಡಿಯಂತೆ ಮೇಲೆದ್ದು ನಿಲ್ಲುವ ಬೇರುಗಳ ವೀಡಿಯೊ ಹಾಕಿದಾಗ, ಅಮೆರಿಕದ ಜೌಗು ಕಾಡುಗಳ ಸೈಪ್ರೆಸ್ ಮರಗಳನ್ನು ಬಲ್ಲ ಒಬ್ಬರು ತಮ್ಮಲ್ಲಿಯೂ ಇಂತಹ ಬೇರುಗಳಿವೆಯೆಂದು ಬರೆದು ಅದನ್ನು ಮರುಹಂಚಿದರು. ಅಲ್ಲಿಂದ ಮುಂದೆ, ವಿದೇಶದಲ್ಲಿ ನೆಲೆಸಿರುವ ಕೆಲವು ಕನ್ನಡಿಗರ ಕಣ್ಣಿಗೂ ಅದು ಬಿದ್ದಿತು. ಅವರಲ್ಲಿ ಒಬ್ಬರು ಈಗ ನನ್ನ ವೀಡಿಯೊಗಳಿಗೆ ಇಂಗ್ಲಿಷ್ ಅಡಿಬರಹ ಸಿದ್ಧಪಡಿಸಿಕೊಡುತ್ತಾರೆ.

ಪ್ರತಿ ಬರಹಕ್ಕೂ ಭಾಷೆ ಕನ್ನಡವೆಂದು ತಪ್ಪದೆ ಗುರುತಿಸುತ್ತೇನೆ, ಏಕೆಂದರೆ ಭಾಷೆಯ ಪ್ರಕಾರ ಸೋಸಿ ಓದುವವರಿಗೆ ಅದು ಸಿಗಬೇಕು. ಹ್ಯಾಶ್‌ಟ್ಯಾಗ್‌ಗಳನ್ನು ಮಾತ್ರ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಡುತ್ತೇನೆ. 2022ರಲ್ಲಿ ಬಂದ ಮ್ಯಾಸ್ಟೊಡಾನ್ 4.0ರಿಂದೀಚೆಗೆ ವ್ಯಕ್ತಿಗಳಂತೆ ಹ್ಯಾಶ್‌ಟ್ಯಾಗ್‌ಗಳನ್ನೂ ಹಿಂಬಾಲಿಸಬಹುದಾದುದರಿಂದ, ನನ್ನ ಹೆಸರನ್ನೇ ಕೇಳದವರಿಗೂ ಬರಹ ಸಿಗುವಂತಾಯಿತು. ಚಿತ್ರಗಳಿಗೆ ವಿವರಣೆ ಬರೆಯುವುದು ಇಲ್ಲಿನ ಬಹುಜನರ ರೂಢಿ. ದೃಷ್ಟಿಹೀನ ಓದುಗರಿಗೆ ನೆರವಾಗುವ ಈ ಕೆಲಸವನ್ನು ನಾನು ಕನ್ನಡದಲ್ಲಿಯೇ ಶ್ರದ್ಧೆಯಿಂದ ಮಾಡುತ್ತೇನೆ.

ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆ ರೂಪಿಸಿದ ಪಿಯರ್‌ಟ್ಯೂಬ್‌ನ ವಾಹಿನಿಯನ್ನು ಮ್ಯಾಸ್ಟೊಡಾನ್‌ನಿಂದಲೇ ಹಿಂಬಾಲಿಸಬಹುದು. ಮ್ಯಾಸ್ಟೊಡಾನ್‌ನಲ್ಲಿ ಬರೆದ ಉತ್ತರ ಪಿಯರ್‌ಟ್ಯೂಬ್‌ನ ವೀಡಿಯೊದ ಕೆಳಗೆ ಪ್ರತಿಕ್ರಿಯೆಯಾಗಿ ಕಾಣಿಸುತ್ತದೆ. ಹೊಸ ಖಾತೆ ತೆರೆಯಿರಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸಣ್ಣ ವಾಹಿನಿಗೆ ಇದಕ್ಕಿಂತ ದೊಡ್ಡ ಅನುಕೂಲವನ್ನು ನಾನು ಬೇರೆಡೆ ಕಂಡಿಲ್ಲ.

ಸರ್ವರ್ ಆರಿಸುವಾಗ ನಾನು ಮೊದಲು ನೋಡಿದ್ದು ಅದರ ನಿಯಮಗಳನ್ನು, ಆಮೇಲೆ ಅದರ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದನ್ನು. ಮ್ಯಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ವೀಡಿಯೊಗಳಿಗೆ ಬೇಕಾಗುವ ಜಾಗವೂ ಹೆಚ್ಚು. ಆದ್ದರಿಂದ ಮೂಲ ಕಡತಗಳನ್ನೆಲ್ಲ ನನ್ನ ಬಳಿಯೇ ಉಳಿಸಿಕೊಂಡು, ಸರ್ವರ್ ನಡೆಸುವವರಿಗೆ ಪ್ರತಿ ತಿಂಗಳೂ ಕೈಲಾದಷ್ಟು ಹಣ ಕಳುಹಿಸುತ್ತೇನೆ.