ತೊಣ್ಣೂರಿನಿಂದ ಮೇಲುಕೋಟೆಗೆ, ಮಕ್ಕಳೊಡನೆ

ಒಂಬತ್ತನೇ ತರಗತಿಯ ಮಕ್ಕಳನ್ನು ಮೊದಲ ಸಲ ಮೇಲುಕೋಟೆಗೆ ಕರೆದೊಯ್ದಾಗ, ಬಸ್ ಇಳಿದ ಕೂಡಲೇ ರಾಮಾನುಜರಿಂದ ಹಿಡಿದು ವೈರಮುಡಿ ಉತ್ಸವದವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೆ. ಮರುದಿನ ಅವರು ಬರೆದ ಪ್ರಬಂಧಗಳಲ್ಲಿ ಕೋತಿ, ಪುಳಿಯೋಗರೆ ಬಿಟ್ಟು ಬೇರೇನೂ ಇರಲಿಲ್ಲ. ತಪ್ಪು ನನ್ನದೇ.

ಮರುವರ್ಷ ದಾರಿಯನ್ನೇ ಬದಲಿಸಿದೆ. ಪಾಂಡವಪುರದಿಂದ ಬೆಳಿಗ್ಗೆ 7ಕ್ಕೆ ಹೊರಟು ಮೊದಲು ತೊಣ್ಣೂರಿಗೆ ಹೋದೆವು. ಬೆಟ್ಟ ಹತ್ತುವ ಮುನ್ನ ರಾಮಾನುಜರು ನೆಲೆಸಿದ್ದು ಇಲ್ಲಿ. ನಂಬಿನಾರಾಯಣನ ಗುಡಿ ನೋಡಿ, ಕೆರೆ ಏರಿಯ ಮೇಲೆ ಕುಳಿತು ಇಡ್ಲಿ ತಿಂದೆವು. ತಿರುಮಲಸಾಗರವೆಂಬ ಈ ಕೆರೆಯ ತಿಳಿನೀರು ಕಂಡು ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಕರೆದನಂತೆ, ಅಂದರೆ ಮುತ್ತಿನ ಕೆರೆ. ಊರಿನ ದರ್ಗಾಕ್ಕೂ ಹೋದೆವು. ಗುಡಿಯ ಮುಂದೆ ಬಿಟ್ಟಂತೆಯೇ ಮಕ್ಕಳು ಅಲ್ಲೂ ಚಪ್ಪಲಿ ಬಿಟ್ಟರು. ನಾನು ಏನನ್ನೂ ವಿವರಿಸಲಿಲ್ಲ.

ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವ ಮೊದಲೇ ಮೇಲುಕೋಟೆ ಸೇರಬೇಕು. ಇದನ್ನು ಮರೆತರೆ ದಿನ ಕೆಡುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರಿಸಿ ಒಂದೇ ಕಥೆ ಹೇಳಿದೆ. ದೆಹಲಿಯ ಅರಮನೆ ಸೇರಿದ್ದ ಉತ್ಸವಮೂರ್ತಿಯನ್ನು ರಾಮಾನುಜರು ಚೆಲುವಪಿಳ್ಳೆ ಎಂದು ಕರೆದು ಮರಳಿ ತಂದದ್ದು, ಅದನ್ನು ಬೊಂಬೆಯಂತೆ ಆಡಿಸಿದ್ದ ಸುಲ್ತಾನನ ಮಗಳು ಬಿಟ್ಟಿರಲಾರದೆ ಹಿಂದೆಯೇ ಬಂದು ಸ್ವಾಮಿಯಲ್ಲಿ ಐಕ್ಯಳಾದದ್ದು. "ಆ ಮಗಳೇ ಬೀಬಿ ನಾಚ್ಚಿಯಾರ್. ಸ್ವಾಮಿಯ ಪಾದದ ಬಳಿ ಇದ್ದಾಳೆ, ಹುಡುಕಿ" ಎಂದು ಒಳಗೆ ಕಳಿಸಿದೆ. ಇದು ಐತಿಹ್ಯ, ಟಿಪ್ಪು ಸುಲ್ತಾನ್ ಈ ದೇವಸ್ಥಾನಕ್ಕೆ ಆನೆಗಳನ್ನು ಕೊಟ್ಟದ್ದು ಚರಿತ್ರೆ ಎಂಬ ವ್ಯತ್ಯಾಸವನ್ನೂ ಹೇಳಿದ್ದೆ. ಎರಡನ್ನೂ ಬೆರೆಸಿ ಹೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹೊರಗೆ ಬಂದ ಹುಡುಗಿಯೊಬ್ಬಳು ಕೇಳಿದಳು: "ಅಷ್ಟು ದೂರದಿಂದ ಮೂರ್ತಿಯನ್ನು ತರಲು ನೆರವಾದವರು ಯಾರು?"

ಇಡೀ ದಿನ ನಾನು ಕಾದಿದ್ದು ಈ ಪ್ರಶ್ನೆಗೇ. ಊರು ಹೊರಗಿಟ್ಟಿದ್ದ ಜನ ನೆರವಾದರು, ರಾಮಾನುಜರು ಅವರನ್ನು ತಿರುಕುಲದವರು, ಅಂದರೆ ಪವಿತ್ರ ಕುಲದವರು, ಎಂದು ಕರೆದು, ವರ್ಷದಲ್ಲಿ ಕೆಲವು ದಿನ ದೇವಸ್ಥಾನದೊಳಗೆ ಬರುವ ಹಕ್ಕು ಕೊಟ್ಟರು ಎಂದು ಪರಂಪರೆ ಹೇಳುವುದನ್ನು ತಿಳಿಸಿದೆ.

"ಕೆಲವೇ ದಿನ ಯಾಕೆ ಸರ್?" ಹಿಂದಿನ ಸಾಲಿನ ಹುಡುಗ ಎದ್ದು ನಿಂತಿದ್ದ.

ಆ ಕಾಲಕ್ಕೆ ಅದೇ ದೊಡ್ಡದು ಎನ್ನಬಹುದಿತ್ತು. ಹಾಗೆನ್ನಲು ನನಗೆ ಮನಸ್ಸಾಗಲಿಲ್ಲ. ಪ್ರಬಂಧಕ್ಕೆ ಆ ಪ್ರಶ್ನೆಯನ್ನೇ ತಲೆಬರಹವಾಗಿ ಕೊಟ್ಟೆ. ಸಂಜೆ ಯೋಗಾನರಸಿಂಹನ ಬೆಟ್ಟದ ತುದಿಯಲ್ಲಿ ಉಳಿದವರು ತೊಣ್ಣೂರು ಯಾವ ದಿಕ್ಕಿಗಿದೆ ಎಂದು ಹುಡುಕುತ್ತಿದ್ದಾಗ, ಅವನು ಮಂಟಪದ ಕಂಬಕ್ಕೆ ಒರಗಿ ಆಗಲೇ ಬರೆಯಲು ಕುಳಿತಿದ್ದ.