ಆ ದಿನ ಹುಡುಗನಿಗೆ ಎಷ್ಟು ವಯಸ್ಸು? ಕೋರ್ಟಿನಲ್ಲಿ ತೋರಿಸುವುದು ಹೇಗೆ

ಅಪರಾಧದ ಆರೋಪ ಹೊತ್ತ ಮಗನ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತ ಅಮ್ಮಂದಿರನ್ನು ಕೋಲಾರದ ಕೋರ್ಟ್ ಆವರಣದಲ್ಲಿ ಎಷ್ಟೋ ಸಲ ನೋಡಿದ್ದೇನೆ. 'ಹುಟ್ಟಿದ ತಾರೀಕು ಇದರಲ್ಲೇ ಐತಲ್ಲಣ್ಣ' ಅಂತಾರೆ. ಅದು ಸಾಲದು. ವಯಸ್ಸಿಗೆ ಆಧಾರ್ ಸಾಕ್ಷಿಯಲ್ಲ.

ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು. ಅವತ್ತು 18 ತುಂಬಿರದಿದ್ದರೆ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. 16 ತುಂಬದವರಿಗೆ ಏನೇ ಆದರೂ ವಿಶೇಷ ಗೃಹದಲ್ಲಿ (ತಪ್ಪು ಮಾಡಿದ ಮಕ್ಕಳನ್ನು ಇಡುವ ಸರ್ಕಾರಿ ಮನೆ) ಹೆಚ್ಚೆಂದರೆ 3 ವರ್ಷ. 16 ದಾಟಿದವರು ಕೊಲೆಯಂಥ ಘೋರ ಅಪರಾಧ ಮಾಡಿದ್ದರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಜೀವಾವಧಿಯೂ ಆಗಬಹುದು. ಆದರೆ ಗಲ್ಲು ಅಥವಾ ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿ ಕೊಡುವಂತಿಲ್ಲ. ಇದೇ 2015ರ ಕಾಯ್ದೆಯ 21ನೇ ಸೆಕ್ಷನ್ ಹಾಗೆ ಹೇಳುತ್ತದೆ. ಹುಡುಗನಿಗೆ 21 ತುಂಬಿದಾಗ ಅವನು ಎಷ್ಟು ಬದಲಾಗಿದ್ದಾನೆ ಎಂದು ಕೋರ್ಟ್ ಮತ್ತೆ ನೋಡಬೇಕು.

ಮೊದಲ ಕೆಲಸ ವಕೀಲರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತಾರೆ, ಫೋನ್ 15100.

ಎರಡನೆಯದು ದಾಖಲೆ. ಎಡವುವುದೆಲ್ಲ ಇಲ್ಲೇ. ಕೋರ್ಟ್ ಮೊದಲು ಕೇಳುವುದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವು ಇಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಯಾವುದೂ ಸಿಗದಿದ್ದರೆ ಮಾತ್ರ ಮೂಳೆ ಎಕ್ಸ್‌ರೇ. ಅದರಲ್ಲಿ ಒಂದೆರಡು ವರ್ಷ ಆಚೀಚೆ ಆಗುತ್ತದೆ. ದಯವಿಟ್ಟು ಅದಕ್ಕೆ ಆತುರಪಡಬೇಡಿ.

ಹುಡುಗ ಒಂದನೇ ಕ್ಲಾಸಿಗೆ ಸೇರಿದ ಶಾಲೆಗೇ ಹೋಗಿ. ಬರೀ ಟಿ.ಸಿ. ತರಬೇಡಿ. ಅಡ್ಮಿಷನ್ ರಿಜಿಸ್ಟರಿನ ಆ ಪುಟದ ದೃಢೀಕೃತ ನಕಲು ಕೇಳಿ. ಮೂಲ ರಿಜಿಸ್ಟರ್ ಹಿಡಿದು ಹೆಡ್‌ಮೇಷ್ಟ್ರು ಸಾಕ್ಷಿ ಹೇಳಬೇಕಾಗಬಹುದು, ಮೊದಲೇ ತಿಳಿಸಿ. ಶಾಲೆ ಮುಚ್ಚಿದ್ದರೆ ರಿಜಿಸ್ಟರ್ ಎಲ್ಲಿಗೆ ಹೋಯಿತೆಂದು ಬಿ.ಇ.ಓ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ ಅಲ್ವಾ, ಮೇಷ್ಟ್ರು ಅಂದಾಜಿಗೆ ಬರೆದಿದ್ದು. ಅದನ್ನು ತಿದ್ದಲು ಹೋಗಬೇಡಿ. ಆದರೆ ಅಣ್ಣ, ತಮ್ಮ, ತಂಗಿಯರ ತಾರೀಕುಗಳನ್ನೂ ಜೊತೆಗಿಟ್ಟು ನೋಡಿ. ಇಬ್ಬರ ನಡುವೆ ನಾಲ್ಕೇ ತಿಂಗಳಿದ್ದರೆ ಎದುರು ವಕೀಲರು ಹಿಡಿದೇ ಹಿಡಿಯುತ್ತಾರೆ, ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ.

ಹೆಸರನ್ನೂ ನೋಡಿ. ಮನೆಯಲ್ಲಿ ಮಂಜ, ರಿಜಿಸ್ಟರಿನಲ್ಲಿ ಮಂಜುನಾಥ, ಎಫ್‌ಐಆರ್‌ನಲ್ಲಿ ಇನ್ನೇನೋ. ತಂದೆಯ ಹೆಸರು, ಊರು ಹೊಂದುವ ಕಾಗದ ಸೇರಿಸಿ. 1994ರ ಪುಣೆ ಕೊಲೆ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಯಾದವನ ಹೆಸರು ಶಾಲೆಯಲ್ಲಿ ಬೇರೆಯೇ ಇತ್ತು. ಅವನಿಗೆ ಆಗ 12 ವರ್ಷ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2023ರಲ್ಲಿ. ಅಷ್ಟರಲ್ಲಿ 28 ವರ್ಷ ಜೈಲಿನಲ್ಲೇ ಕಳೆದಿತ್ತು.

ಟೈಪಿಂಗ್ ಅಂಗಡಿಯಲ್ಲಿ ಸಿಗುವ 'ವಯಸ್ಸಿನ ಅಫಿಡವಿಟ್'ಗೆ ಸುಮ್ನೆ ದುಡ್ಡು ಸುರಿಯಬೇಡಿ. ಈಗ ಮಾಡಿಸಿ ಹಳೆ ತಾರೀಕು ಹಾಕಿಸಿದ ಟಿ.ಸಿ. ಇನ್ನೂ ಅಪಾಯ. ಅದು ಸಿಕ್ಕಿಬಿದ್ದರೆ ನಿಮ್ಮ ನಿಜವಾದ ದಾಖಲೆಯನ್ನೂ ಯಾರೂ ನಂಬುವುದಿಲ್ಲ.

ಮೂರನೆಯದು ಅವತ್ತು ಹುಡುಗನಿಗೆ 18 ತುಂಬಿರಲಿಲ್ಲ ಎಂಬ ಅರ್ಜಿ. ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ ಹಾಕಬಹುದು, ಶಿಕ್ಷೆ ಖಾಯಂ ಆದ ಮೇಲೂ. ತಡವಾಯಿತೆಂದು ಕೂರಬೇಡಿ.

ಹೊರಗೆ ಬಂದ ಹುಡುಗ ಕೆಲಸ ಹುಡುಕುವಾಗ ಪೊಲೀಸರ ನಡತೆ ಪ್ರಮಾಣಪತ್ರ ಕೇಳುತ್ತಾರೆ. ಮುಗಿದ ಬಾಲನ್ಯಾಯ ಕೇಸನ್ನು ಅದರಲ್ಲಿ ಬರೆಯುವಂತಿಲ್ಲ, 74ನೇ ಸೆಕ್ಷನ್. ಬರೆದಿದ್ದರೆ ಆ ಪತ್ರ ಹಿಡಿದು ಅದೇ ವಕೀಲರ ಹತ್ತಿರ ಮತ್ತೆ ಹೋಗಿ.